ಕಾಗಿಣಾ ಹೊಳೆಗೊಂದು ದಫ್ತರ

(ಭಂಕೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ವಿಶ್ವವಿದ್ಯಾಲಯಗಳಲ್ಲಿ ನಡೆಯುವ ಜಲಜೀವಿ ಸಂಶೋಧನೆಯ ಬಗ್ಗೆ ಮಾತಾಡಬೇಕೆಂದು ಸಂಘಟಕರು ಕೇಳಿದರು. ಕಡಲು, ಸಿಹಿನೀರು, ವನ್ಯಜೀವಿ ಮೂರೂ ಬರಲಿ ಎಂದರು. ಭಂಕೂರಿನಲ್ಲಿ ನಿಂತು ಕಡಲಿನ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ನೀವು ಕುಳಿತಿರುವ ನೆಲಕ್ಕೆ ಹಾಸಿದ ಫರಸಿಯನ್ನೇ ನೋಡಿ. ಊರೂರಿಗೆ, ರಾಜ್ಯ ರಾಜ್ಯಕ್ಕೆ ಶಹಾಬಾದ ಕಲ್ಲು ಎಂಬ ಹೆಸರಿನಲ್ಲಿ ಹೋಗುವ ಈ ಸುಣ್ಣಗಲ್ಲು ಐವತ್ತು ಕೋಟಿ ವರ್ಷಕ್ಕೂ ಹಿಂದೆ ಒಂದು ಆಳವಲ್ಲದ ಕಡಲಿನ ತಳದಲ್ಲಿ ಕೆಸರಾಗಿ ಕೂತದ್ದು. ಭೂವಿಜ್ಞಾನಿಗಳು ಇದನ್ನು ಭೀಮಾ ಪ್ರಸ್ಥ ಎನ್ನುತ್ತಾರೆ. ಆ ಕಡಲಿನಲ್ಲಿ ಮೀನಿರಲಿಲ್ಲ, ಶಂಖವಿರಲಿಲ್ಲ, ಬೆನ್ನೆಲುಬಿನ ಪ್ರಾಣಿ ಯಾವುದೂ ಇನ್ನೂ ಹುಟ್ಟಿರಲಿಲ್ಲ. ಆದರೂ ಅದು ಬರಿದಾದ ನೀರಲ್ಲ. ಈ ಪ್ರಸ್ಥದ ಜೇಡುಗಲ್ಲಿನ ಪದರಗಳಲ್ಲಿ ಚುವಾರಿಯಾ ಎಂಬ ಜೀವಿಯ ಗುರುತುಗಳು ಸಿಕ್ಕಿವೆ. ಕೆಲವೇ ಮಿಲಿಮೀಟರ್ ಅಗಲದ, ಇಂಗಾಲದ ಕಪ್ಪು ವೃತ್ತಗಳು. 1980ರ ದಶಕದಿಂದಲೂ ಅವುಗಳ ಬಗ್ಗೆ ಪ್ರಬಂಧಗಳು ಬರುತ್ತಿವೆ. ಹಾರಿ ಹಾಕಿ ಪದರ ಎಬ್ಬಿಸುವ ಖಣಿ ಕಾರ್ಮಿಕ ದಿನವೂ ಒಂದು ಹಳೆಯ ಕಡಲ ತಳವನ್ನು ಬಿಸಿಲಿಗೆ ತೆರೆಯುತ್ತಾನೆ.

ಇದೇ ಸೀಮೆಯ ಇನ್ನೊಂದು ಪದರ ಸಿಹಿನೀರಿನದು. ಕಡಲು ಹೋಗಿ ಯುಗಗಳು ಕಳೆದ ಮೇಲೆ, ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ, ದಖ್ಖನ್ನಿನ ಮೇಲೆ ಲಾವಾ ಹರಿಯಿತು. ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ಬಿಡುವು ಸಿಕ್ಕಾಗ ಅಲ್ಲಲ್ಲಿ ಕೆರೆಗಳು ನಿಂತವು. ಸೇಡಮ್ಮಿಗೆ ದೂರವೇನಲ್ಲದ ಗುರುಮಠಕಲ್ಲಿನಲ್ಲಿ ಅಂಥ ಕೆರೆಯ ತಳದ ಕಲ್ಲಿದೆ. ಅದರಲ್ಲಿ ಕೇರಾ ಬಳಗದ ಪಾಚಿಯ ಬೀಜದಂಥ ಕಣಗಳು ಸಿಕ್ಕಿವೆ. ಸುಣ್ಣ ಹೆಚ್ಚಿರುವ ತಿಳಿನೀರಿನಲ್ಲಿ ಬೆಳೆಯುವ ಪಾಚಿ ಇದು. ನೀರಿನೊಳಗಿನ ಸುಣ್ಣವನ್ನು ಮೈಮೇಲೆ ಲೇಪಿಸಿಕೊಂಡು ಬಿಳಿಚಾಗಿ, ಮುಟ್ಟಿದರೆ ಗರಗರ ಎನ್ನುವಂತೆ ಇರುತ್ತದೆ. ಇದರ ವಂಶ ಇಂದಿಗೂ ಉಳಿದಿದೆ. ಈ ಪಾಚಿಯ ಹೆಸರನ್ನು ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳಿ, ಖಣಿಗಳ ಮಾತು ಬಂದಾಗ ಬೇಕಾಗುತ್ತದೆ.

ಈಗ ಹೊಳೆ. ತೆಲಂಗಾಣದ ವಿಕಾರಾಬಾದ ಕಡೆಯಿಂದ ತಾಂಡೂರು ದಾಟಿ ಬರುವ ಕಾಗಿಣಾ ಸೇಡಂ ಸೀಮೆ ಹೊಕ್ಕು, ಮಳಖೇಡದ ಕೋಟೆಯ ಬದಿಗೆ ಹರಿದು, ಚಿತ್ತಾಪುರ, ಶಹಾಬಾದ ಹಾದು ಹೊನಗುಂಟಾ ಬಳಿ ಭೀಮೆಗೆ ಕೂಡುತ್ತದೆ. ಬೆಣ್ಣೆತೊರಾ, ಮುಲ್ಲಾಮಾರಿ, ಕಮಲಾವತಿ ಇದೇ ಬಳಗದವು. ಭೀಮಾಶಂಕರದಲ್ಲಿ ಹುಟ್ಟಿ 860 ಕಿಲೋಮೀಟರಿನಷ್ಟು ನಡೆದ ಭೀಮೆ ರಾಯಚೂರು ಜಿಲ್ಲೆಯ ಕಾಡ್ಲೂರಿನ ಹತ್ತಿರ ಕೃಷ್ಣೆಗೆ ಸೇರುತ್ತದೆ. ಕೃಷ್ಣೆ ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿಗೆ. ಮಳಖೇಡ ಅಂದರೆ ಮಾನ್ಯಖೇಟ, ನೃಪತುಂಗನ ರಾಜಧಾನಿ. ಕನ್ನಡದ ಮೊದಲ ಉಪಲಬ್ಧ ಗ್ರಂಥ ಹುಟ್ಟಿದ್ದು ಈ ಹೊಳೆಯ ದಂಡೆಯ ಆಸ್ಥಾನದಲ್ಲಿ. ಅದು ನಾಡಿನ ಮೇರೆ ಹೇಳಿದ್ದು ಎರಡು ಹೊಳೆಗಳ ಹೆಸರು ಹಿಡಿದು. ಅಷ್ಟು ಹಿಂದೆಯೇ ಹೊಳೆಯಿಂದ ನಾಡನ್ನು ಗುರುತಿಸಿದ ಜನ ನಾವು. ಆ ಹೊಳೆಯೊಳಗೆ ಏನಿದೆ ಎಂಬ ಲೆಕ್ಕವನ್ನು ಮಾತ್ರ ಇಟ್ಟುಕೊಳ್ಳಲಿಲ್ಲ.

ಆ ಲೆಕ್ಕಕ್ಕೆ ಮೊದಲು ಕೈ ಹಾಕಿದವರಲ್ಲಿ ಒಬ್ಬ ಸೈನ್ಯಾಧಿಕಾರಿಯಿದ್ದ. ವಿಲಿಯಂ ಹೆನ್ರಿ ಸೈಕ್ಸ್ ಎಂಬಾತ ಬೊಂಬಾಯಿ ಸೈನ್ಯದವನು. 1824ರಿಂದ ದಖ್ಖನ್ನಿನ ಅಂಕಿಅಂಶ ಸಂಗ್ರಹಿಸುವ ಕೆಲಸಕ್ಕೆ ನೇಮಕವಾಗಿದ್ದ. ಬೆಳೆ, ಕಂದಾಯ, ಜನಸಂಖ್ಯೆಯ ಜೊತೆಗೆ ಪಕ್ಷಿ, ಪ್ರಾಣಿ, ಮೀನುಗಳನ್ನೂ ಬರೆದಿಟ್ಟ. ದಖ್ಖನ್ನಿನ ಮೀನುಗಳ ಬಗ್ಗೆ ಅವನ ಬರಹ 1839ರಲ್ಲೂ, ಚಿತ್ರಗಳ ಸಮೇತ 1841ರಲ್ಲೂ ಲಂಡನ್ನಿನಲ್ಲಿ ಪ್ರಕಟವಾಯಿತು. ನಲವತ್ತಕ್ಕೂ ಹೆಚ್ಚು ಜಾತಿಗಳು ಅದರಲ್ಲಿವೆ, ಬಹುಪಾಲು ಪುಣೆಯ ಮುಳಾ-ಮುಠಾ, ಇಂದ್ರಾಯಣಿ, ಭೀಮಾ ನದಿಗಳವು. ಅಂದರೆ ನಮ್ಮದೇ ನದಿಯ ಮೇಲ್ಭಾಗದ ಮೀನುಗಳು. ಖುದ್ರಿ, ಮುಸುಳ್ಳ, ಕೋಳಸ, ನುಕ್ತಾ, ಪೋಟೈಲ್ ಮುಂತಾಗಿ ಅಲ್ಲಿನ ಬೆಸ್ತರು ಕರೆಯುತ್ತಿದ್ದ ಹೆಸರುಗಳನ್ನೇ ಲ್ಯಾಟಿನ್ ಉಡುಪು ತೊಡಿಸಿ ಆತ ಶಾಸ್ತ್ರಕ್ಕೆ ಸೇರಿಸಿದ. ಆ ಮೀನುಗಾರರ ಹೆಸರು ಎಲ್ಲೂ ಬರಲಿಲ್ಲ. ಅವರ ತಿಳಿವಳಿಕೆ ಮಾತ್ರ ಇಂದಿಗೂ ಮತ್ಸ್ಯಶಾಸ್ತ್ರದ ಗ್ರಂಥಗಳಲ್ಲಿ ಉಳಿದಿದೆ.

ಸೈಕ್ಸ್ ಬರೆದ ಜೀವಿಗಳಲ್ಲಿ ಒಂದರ ಮೇಲೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ, ಅದು ಹಾವುಮೀನು. ಹಿಂದೆ ಬೊಂಬಾಯಿ ಗವರ್ನರ್ ಆಗಿದ್ದ ಎಲ್ಫಿನ್‌ಸ್ಟನ್ನನ ಹೆಸರನ್ನು ಅದಕ್ಕೆ ಇಟ್ಟ. ಈಗ ಅದನ್ನು ಆಂಗ್ವಿಲ್ಲಾ ಬೆಂಗಾಲೆನ್ಸಿಸ್ ಎಂಬ ಜಾತಿಯೊಳಗೆ ಸೇರಿಸಿದ್ದಾರೆ. ನಮ್ಮಲ್ಲಿ ಉದ್ದನೆಯ ಮೀನಿಗೆಲ್ಲ ಹಾವುಮೀನು ಎನ್ನುವ ವಾಡಿಕೆ ಉಂಟು. ಬೆನ್ನಿನ ಮೇಲೆ ಬಿಡಿಬಿಡಿ ಮುಳ್ಳುಗಳ ಸಾಲಿದ್ದರೆ ಅದು ಬೇರೆ ಮೀನು. ನಿಜವಾದ ಹಾವುಮೀನಿಗೆ ಮುಳ್ಳಿಲ್ಲ. ಬೆನ್ನಿನ ಈಜುರೆಕ್ಕೆ ಬಾಲವನ್ನು ಸುತ್ತಿ ಹೊಟ್ಟೆಯ ಕಡೆಗೆ ಒಂದೇ ಸಮನೆ ಓಡಿರುತ್ತದೆ, ಕಿವಿರಿನ ಹಿಂದೆ ಎರಡು ಸಣ್ಣ ರೆಕ್ಕೆಗಳಿರುತ್ತವೆ.

ಈ ಮೀನು ಹೊಳೆಯಲ್ಲಿ ಬೆಳೆಯುತ್ತದೆ, ಹೊಳೆಯಲ್ಲಿ ಮೊಟ್ಟೆ ಇಡುವುದಿಲ್ಲ. ವರ್ಷಗಟ್ಟಲೆ ಸಿಹಿನೀರಿನ ಮಡುಗಳಲ್ಲಿದ್ದು ಪ್ರಾಯಕ್ಕೆ ಬಂದಾಗ ಪ್ರವಾಹದ ಜೊತೆ ಕೆಳಗಿಳಿದು ಕಡಲಿಗೆ ಹೋಗುತ್ತದೆ. ಆಳಸಮುದ್ರದಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮರಿ ಹಾವಿನಂತಿರದೆ ಎಲೆಯ ಆಕಾರದಲ್ಲಿ, ಗಾಜಿನಂತೆ ಪಾರದರ್ಶಕವಾಗಿ ಪ್ರವಾಹದಲ್ಲಿ ತೇಲುತ್ತ ದಡದತ್ತ ಬರುತ್ತದೆ. ಅಳಿವೆಯ ಹತ್ತಿರ ಬಂದಾಗ ದಾರದಂಥ ಮರಿಹಾವಾಗಿ ಬದಲಾಗಿ ಹೊಳೆಯನ್ನು ಏರತೊಡಗುತ್ತದೆ. ಅಟ್ಲಾಂಟಿಕ್ಕಿನ ಹಾವುಮೀನು ಸರ್ಗಾಸೊ ಸಮುದ್ರದಲ್ಲಿ ಹುಟ್ಟುತ್ತದೆಂದು ಡೆನ್ಮಾರ್ಕಿನ ಯೋಹಾನೆಸ್ ಸ್ಮಿತ್ 1920ರ ದಶಕದ ಮೊದಲಲ್ಲಿ ತೋರಿಸಿದ. ಅವನದೇ ನಾಯಕತ್ವದ ಡಾನಾ ಹಡಗು 1928ರಿಂದ 1930ರವರೆಗೆ ಜಗತ್ತು ಸುತ್ತಿದಾಗ ನಮ್ಮ ಹಾವುಮೀನಿನ ಎಳೆಯ ಮರಿಗಳು ಸುಮಾತ್ರಾ ದ್ವೀಪದ ಪಶ್ಚಿಮದ ಆಳದಲ್ಲಿ ಬಲೆಗೆ ಬಿದ್ದವು. ಸೈಕ್ಸ್ ಪುಣೆಯ ಹೊಳೆಯಲ್ಲಿ ಕಂಡ ಹಾವುಮೀನು ಕಡಲಿನಿಂದ ಕೃಷ್ಣೆ ಏರಿ, ಭೀಮೆ ಏರಿ, ಹೊನಗುಂಟೆಯ ಸಂಗಮವನ್ನು ಬಲಕ್ಕೆ ಬಿಟ್ಟು ಅಷ್ಟು ದೂರ ಹೋಗಿತ್ತು. ಅದರ ಒಡಹುಟ್ಟಿದವು ಕೆಲವು ಇಲ್ಲೇ ತಿರುಗಿ ಕಾಗಿಣೆಯೊಳಗೆ ಬಂದಿರಲೇಬೇಕು.

ಆ ದಾರಿಯಲ್ಲಿ ಈಗ ಏನೇನಿದೆ? ವಿಜಯವಾಡದಲ್ಲಿ 1855ರಲ್ಲೇ ಒಡ್ಡು ಎದ್ದಿತು, ಅದರ ಜಾಗದಲ್ಲಿ 1957ರಲ್ಲಿ ಪ್ರಕಾಶಂ ಬ್ಯಾರೇಜು ಬಂತು. 1967ರ ಹೊತ್ತಿಗೆ ನಾಗಾರ್ಜುನಸಾಗರ, 124 ಮೀಟರ್ ಎತ್ತರದ ಕಲ್ಲುಗೋಡೆ. ಆಮೇಲೆ ಶ್ರೀಶೈಲ, ಅದರ ಮೇಲೆ ಜುರಾಲಾ. ಭೀಮೆಯ ಮೇಲೆ 1980ರಲ್ಲಿ ಉಜನಿ, ನಮ್ಮ ಜಿಲ್ಲೆಯಲ್ಲೇ ಸೊನ್ನ ಮತ್ತು ಸನ್ನತಿ ಬ್ಯಾರೇಜುಗಳು. ಹಾವುಮೀನಿನ ಮರಿ ಒದ್ದೆ ಕಲ್ಲಿನ ಮೇಲೆ ತೆವಳಿ ಸಣ್ಣ ಒಡ್ಡನ್ನು ದಾಟಬಲ್ಲದು, ನಾಗಾರ್ಜುನಸಾಗರವನ್ನು ದಾಟಲಾರದು. ಹಾಗಾಗಿ ಭೀಮೆ, ಕಾಗಿಣೆಗಳಲ್ಲಿ ಯಾರಿಗಾದರೂ ಒಂದು ನಿಜವಾದ ಹಾವುಮೀನು ಸಿಕ್ಕರೆ ಅದನ್ನು ಮಾರುವ ಮೊದಲು ಅಳೆದು, ಫೋಟೋ ತೆಗೆದು, ಸಿಕ್ಕ ಜಾಗ ಮತ್ತು ತಾರೀಖು ಬರೆದಿಡಬೇಕು. ಅಣೆಕಟ್ಟುಗಳಿಗೆ ನಾನು ವಿರೋಧಿಯಲ್ಲ. ಈ ಬಿಸಿಲು ಸೀಮೆಯಲ್ಲಿ ತೊಗರಿಗೂ ಕುಡಿಯಲಿಕ್ಕೂ ನೀರು ಬೇಕು. ಆದರೆ ಕಡಲಿಗೂ ಕಾಗಿಣೆಗೂ ಇದ್ದ ಒಂದು ಜೀವಂತ ನಂಟು ಹರಿಯುವುದನ್ನು ಒಂದು ವಿಶ್ವವಿದ್ಯಾಲಯವಾದರೂ ವರ್ಷ ವರ್ಷ ನೋಡಿ ಬರೆದಿಡಬೇಕಿತ್ತು. ಅಣೆಕಟ್ಟಿಗೆ ಅಡಿಗಲ್ಲಿಟ್ಟ ದಿನ ನಮಗೆ ಗೊತ್ತು, ಅದರ ಮೇಲ್ಭಾಗದಿಂದ ಒಂದು ಜೀವಿ ಮರೆಯಾದ ವರ್ಷ ಗೊತ್ತಿಲ್ಲ. ಇಂದಿನ ನನ್ನ ಮಾತಿನ ತಿರುಳು ಇದೇ.

ಆಮೆಯ ಮಾತೂ ಹೀಗೆಯೇ. ಲೀತ್‌ನ ಮೆದುಚಿಪ್ಪಿನ ಆಮೆಯನ್ನು 1872ರಲ್ಲಿ ಗ್ರೇ ಎಂಬ ವಿಜ್ಞಾನಿ ಬಣ್ಣಿಸಿದ್ದು ಪುಣೆಯಿಂದ ಹೋದ ಮಾದರಿಯಿಂದ, ಎಂದರೆ ಭೀಮೆಯ ಸೀಮೆಯದ್ದೇ. ದಕ್ಷಿಣದ ನದಿಗಳ ಈ ದೊಡ್ಡ ಆಮೆ ಈಗ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. 2022ರಲ್ಲಿ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಅತಿ ಕಟ್ಟುನಿಟ್ಟಿನ ಅನುಬಂಧಕ್ಕೆ ಅದನ್ನು ಸೇರಿಸಿದರು. ಸನ್ನತಿಗೆ ಹೋದವರು ಅಲ್ಲಿಯ ಅಶೋಕನ ಶಾಸನದ ಕಲ್ಲನ್ನು ನೋಡಿದ್ದೀರಿ. ಅದೇ ಅಶೋಕ ಉತ್ತರದ ತನ್ನ ಸ್ತಂಭಶಾಸನವೊಂದರಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿ ಕೊಡುತ್ತಾನೆ. ಅದರಲ್ಲಿ ಆಮೆಯಿದೆ, ಕೆಲವು ಮೀನುಗಳಿವೆ, ವರ್ಷದ ಕೆಲವು ತಿಥಿಗಳಲ್ಲಿ ಮೀನು ಹಿಡಿದು ಮಾರಬಾರದೆಂಬ ಕಟ್ಟಳೆಯೂ ಇದೆ. ಪಟ್ಟಿ ಮಾಡುವುದು, ಋತು ನೋಡಿ ಬಿಡುವು ಕೊಡುವುದು, ಇವೆರಡೂ ಈ ನೆಲಕ್ಕೆ ಹೊಸತಲ್ಲ.

ವಿಶ್ವವಿದ್ಯಾಲಯಗಳ ಕೆಲಸಕ್ಕೆ ಬರುತ್ತೇನೆ. ಕರ್ನಾಟಕದ ಕರಾವಳಿಯಲ್ಲಿ ಈ ಕೆಲಸಕ್ಕೆ ಒಂದು ನೆಲೆ ಸಿಕ್ಕಿತು. ಮಂಗಳೂರಿನಲ್ಲಿ 1969ರಲ್ಲಿ ಶುರುವಾದ ಮೀನುಗಾರಿಕೆ ಕಾಲೇಜು ದೇಶದಲ್ಲೇ ಮೊದಲನೆಯದು. ಅಲ್ಲಿ ಇಡ್ಯಾ ಕರುಣಾಸಾಗರ ಮತ್ತು ಇಂದ್ರಾಣಿ ಕರುಣಾಸಾಗರ ಅವರು ಸಿಗಡಿಗಳಿಗೆ ತಗಲುವ ವೈರಸ್ಸು, ಬ್ಯಾಕ್ಟೀರಿಯಾಗಳ ಮೇಲೆ ನಡೆಸಿದ ಕೆಲಸವನ್ನು ಜಗತ್ತು ಗಮನಿಸಿತು. ಕಾರವಾರದ ಕೋಡಿಬಾಗದಲ್ಲಿ ಕಾಳಿ ಹೊಳೆ ಕಡಲು ಸೇರುವಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ. ಕಿಟಕಿ ತೆರೆದರೆ ಅಧ್ಯಯನದ ವಸ್ತು ಕಾಣುವ ಜಾಗ. ವಿದ್ಯಾರ್ಥಿ ಬೆಳಿಗ್ಗೆ ಇಳಿತದಲ್ಲಿ ಹೋಗಿ ಚಿಪ್ಪು, ಏಡಿ, ಹುಳು ಆರಿಸಿ ತಂದು ಮಧ್ಯಾಹ್ನ ಸೂಕ್ಷ್ಮದರ್ಶಕದ ಕೆಳಗೆ ಇಡಬಲ್ಲ. ಅಲ್ಲಿಂದ ಬಂದ ತಿಳಿವಳಿಕೆಗೆ ಆ ನೆರೆಹೊರೆಯೇ ಮುಖ್ಯ ಕಾರಣ ಎಂದು ನನ್ನ ನಂಬಿಕೆ.

ಮಂಗಳೂರಿನ ಆ ಮೀನುಗಾರಿಕೆ ಕಾಲೇಜು ಇಂದು ಸೇರಿರುವ ಪಶುವೈದ್ಯಕೀಯ ಮತ್ತು ಮೀನುಗಾರಿಕಾ ವಿಶ್ವವಿದ್ಯಾಲಯದ ಕೇಂದ್ರ ಇರುವುದು ನಮ್ಮ ಬೀದರಿನಲ್ಲಿ! ಕಡಲಿಲ್ಲದ ಬೀದರಿಗೆ ಮೀನಿನ ವಿಶ್ವವಿದ್ಯಾಲಯವೇ ಎಂದು ಕೆಲವರು ಆಡಿಕೊಳ್ಳುವುದುಂಟು. ಆ ಮಾತಿಗೆ ನನ್ನ ಸಮ್ಮತಿಯಿಲ್ಲ. ಮುಲ್ಲಾಮಾರಿ ಬರುವುದು ಬೀದರ ಜಿಲ್ಲೆಯ ಕಡೆಯಿಂದಲೇ. ಕರ್ನಾಟಕದ ಕೆರೆ, ಹೊಳೆ, ಜಲಾಶಯಗಳ ಮೀನಿಗೂ ವಿಶ್ವವಿದ್ಯಾಲಯ ಬೇಕು.

ನಮ್ಮ ಗುಲ್ಬರ್ಗ ವಿಶ್ವವಿದ್ಯಾಲಯ 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಹುಟ್ಟಿ 1980ರಲ್ಲಿ ಸ್ವತಂತ್ರವಾಯಿತು. ಅಲ್ಲಿಯ ಪ್ರಾಣಿಶಾಸ್ತ್ರ ವಿಭಾಗ ಸುತ್ತಲಿನ ಕೆರೆ, ಜಲಾಶಯಗಳ ಮೇಲೆ ಬಹಳ ಕೆಲಸ ಮಾಡಿದೆ. ಕಲಬುರಗಿಯ ಶರಣಬಸವೇಶ್ವರ ಕೆರೆಯಂಥ ನೀರುಗಳಲ್ಲಿ ಕಣ್ಣಿಗೆ ಕಾಣದ ತೇಲುಜೀವಿಗಳನ್ನು ಋತು ಋತುವಿಗೆ ಎಣಿಸಿದ್ದಾರೆ. ರೋಟಿಫರ್, ಕ್ಲಾಡೊಸಿರ, ಕೋಪೆಪಾಡ್ ಎಂಬ ಗುಂಪುಗಳು ಇವು. ಮೀನಿನ ಮರಿಗೆ ಇವೇ ಮೊದಲ ತುತ್ತು. ಇವುಗಳಲ್ಲಿ ಬ್ರಾಕಿಯೋನಸ್ ಎಂಬ ರೋಟಿಫರ್ ಹೆಚ್ಚಿದರೆ ಕೆರೆಗೆ ಕೊಳಚೆ ಸೇರುತ್ತಿದೆ ಎಂದು ಲೆಕ್ಕ. ಪ್ರಯೋಗಾಲಯದ ದುಬಾರಿ ಯಂತ್ರಕ್ಕಿಂತ ಮೊದಲೇ ಒಂದು ಹನಿ ನೀರು ಸುದ್ದಿ ಕೊಡುತ್ತದೆ.

2011ರಲ್ಲಿ ಇದೇ ವಿಭಾಗದಿಂದ ಬಂದ ಒಂದು ಪ್ರಬಂಧ ನನಗೆ ಬಹಳ ಮೆಚ್ಚುಗೆಯದು. ಭೀಮಾ ನದಿಯ ನೀರು ಹಗಲು ರಾತ್ರಿಯ ನಡುವೆ ಹೇಗೆ ಬದಲಾಗುತ್ತದೆ ಎಂಬುದು ಅದರ ವಿಷಯ. ಹಗಲಿನಲ್ಲಿ ಪಾಚಿ ಬಿಸಿಲು ಉಂಡು ಆಮ್ಲಜನಕ ಬಿಡುತ್ತದೆ, ನೀರಿನ ಇಂಗಾಲಾಮ್ಲ ಕಡಿಮೆಯಾಗಿ ಕ್ಷಾರಗುಣ ಏರುತ್ತದೆ. ಕತ್ತಲಾದ ಮೇಲೆ ಪಾಚಿಯೂ ಉಸಿರಾಡುತ್ತದೆ, ಮೀನೂ ಉಸಿರಾಡುತ್ತದೆ, ಕೊಡುವವರು ಯಾರೂ ಇಲ್ಲ. ನಸುಕಿನ ಹೊತ್ತಿಗೆ ಆಮ್ಲಜನಕ ತಳ ಮುಟ್ಟುತ್ತದೆ. ಕೊಳಚೆ ಸೇರಿ ಪಾಚಿ ದಟ್ಟವಾದ ಮಡುವಿನಲ್ಲಿ ಬೇಸಿಗೆಯ ಬೆಳಗ್ಗೆ ಮೀನು ಸತ್ತು ತೇಲಿದರೆ ಊರಲ್ಲಿ ಯಾರೋ ವಿಷ ಹಾಕಿದರು ಎಂಬ ಮಾತು ಹಬ್ಬುತ್ತದೆ. ಕೆಲವೊಮ್ಮೆ ವಿಷವೂ ಇರಬಹುದು. ಬಹಳ ಸಲ ಅದು ನಸುಕಿನ ಉಸಿರುಗಟ್ಟು. ಇದನ್ನು ತಿಳಿಯಲು ರಾತ್ರಿಯಿಡೀ ಹೊಳೆ ದಂಡೆಯಲ್ಲಿ ಕೂತು ನೀರು ಅಳೆಯುವ ಜನ ಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಜೀಪಿನಲ್ಲಿ ಬಂದು ಒಂದು ಬಾಟಲಿ ತುಂಬಿಕೊಂಡು ಹೋದವರ ವರದಿಯಲ್ಲಿ ನೀರು ಯಾವಾಗಲೂ ಆರೋಗ್ಯವಾಗಿಯೇ ಇರುತ್ತದೆ.

ಇಷ್ಟು ಒಳ್ಳೆಯ ಕೆಲಸ ಎಲ್ಲಿ ಸೊರಗುತ್ತದೆ? ಪಿಎಚ್‌.ಡಿ. ಮುಗಿದಲ್ಲಿ. ಸಂಶೋಧಕನೊಬ್ಬ ಎರಡು ವರ್ಷ ಒಂದು ಕೆರೆಗೆ ಹೋಗುತ್ತಾನೆ, ಇಪ್ಪತ್ತನಾಲ್ಕು ತಿಂಗಳ ಅಂಕಿಅಂಶ ಕೂಡಿಸುತ್ತಾನೆ, ಪ್ರಬಂಧ ಸಲ್ಲಿಸುತ್ತಾನೆ, ಕೆಲಸ ಸಿಕ್ಕ ಊರಿಗೆ ಹೋಗುತ್ತಾನೆ. ಮುಂದಿನವನಿಗೆ ಹೊಸ ವಿಷಯ ಬೇಕು, ಆದ್ದರಿಂದ ಹೊಸ ಕೆರೆ ಬೇಕು. ಹೀಗೆ ನಾಡಿನ ನೂರಾರು ಕೆರೆಗಳ ಎರಡೆರಡು ವರ್ಷದ ಚಿತ್ರ ನಮ್ಮಲ್ಲಿದೆ, ಒಂದೇ ನೀರನ್ನು ಮೂವತ್ತು ವರ್ಷ ಬಿಡದೆ ನೋಡಿದ ಚಿತ್ರ ತೀರ ವಿರಳ. ಮಳೆ ಒಂದು ವರ್ಷ ಸುರಿದು ಮೂರು ವರ್ಷ ಕೈಕೊಡುವ ಸೀಮೆ ನಮ್ಮದು. 2020ರ ಅಕ್ಟೋಬರಿನಲ್ಲಿ ಭೀಮೆ, ಕಾಗಿಣೆ ಎರಡೂ ಉಕ್ಕಿ ಬಂದದ್ದು ನಿಮ್ಮ ಕಣ್ಣೆದುರಿಗಿದೆ. ಬರಗಾಲದಲ್ಲಿ ನೋಡಿದವನು ಬರೆದದ್ದೇ ಬೇರೆ, ನೆರೆಯ ಮರುವರ್ಷ ಬಂದವನು ಬರೆದದ್ದೇ ಬೇರೆ. ಎರಡೂ ಸತ್ಯವೇ. ಹೊಳೆ ಕೆಡುತ್ತಿದೆಯೋ ಸುಧಾರಿಸುತ್ತಿದೆಯೋ ಎಂಬುದನ್ನು ಮಾತ್ರ ಎರಡೂ ಹೇಳಲಾರವು.

ಇಂಗ್ಲೆಂಡಿನ ವಿಂಡರ್‌ಮಿಯರ್ ಎಂಬ ಸರೋವರದ ನೀರನ್ನು 1945ರಿಂದ ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ತಪ್ಪದೆ ನೋಡುತ್ತ ಬಂದಿದ್ದಾರೆ. ನೋಡುವ ಜನ ನಿವೃತ್ತರಾದರು, ಸಂಸ್ಥೆಗಳ ಹೆಸರು ಬದಲಾಯಿತು, ದಾಖಲೆಯ ಸಾಲು ಮುಂದುವರಿಯಿತು. ಸರೋವರದ ನೀರು ಬಿಸಿಯಾಗುತ್ತಿರುವುದು ಕಂಡದ್ದು ಆ ಸಾಲಿನಿಂದ. ಕಡಲಿನಲ್ಲಿ ಆಲಿಸ್ಟರ್ ಹಾರ್ಡಿ ಎಂಬಾತ ಒಂದು ಸರಳ ಪೆಟ್ಟಿಗೆ ಮಾಡಿದ. ಹಡಗಿನ ಹಿಂದೆ ಹಗ್ಗಕ್ಕೆ ಕಟ್ಟಿ ಎಳೆದರೆ ಒಳಗಿನ ರೇಷ್ಮೆಯ ಪಟ್ಟಿ ಸುತ್ತಿಕೊಳ್ಳುತ್ತ ತೇಲುಜೀವಿಗಳನ್ನು ಹಿಡಿಯುತ್ತದೆ. 1931ರಿಂದ ಸಾಮಾನ್ಯ ಸರಕು ಹಡಗುಗಳು ತಮ್ಮ ದಿನದ ದಾರಿಯಲ್ಲಿ ಅದನ್ನು ಎಳೆಯುತ್ತಿವೆ. ನಾವಿಕರು ವಿಜ್ಞಾನಿಗಳೇನಲ್ಲ. ಪೆಟ್ಟಿಗೆ ಇಳಿಸಿದ ಹೊತ್ತು, ಎತ್ತಿದ ಹೊತ್ತು ಬರೆಯುವುದಷ್ಟೇ ಅವರ ಪಾಲು. ಈ ಎರಡನೆಯ ಉದಾಹರಣೆ ನಮಗೆ ಬಹಳ ಹತ್ತಿರದ್ದು, ಮುಂದೆ ಹೇಳುತ್ತೇನೆ.

ಈಗ ಮೊದಲೇ ಹೇಳಿದ್ದ ಖಣಿಗಳ ಮಾತು. ಭಂಕೂರು, ಶಹಾಬಾದ, ವಾಡಿ, ಮಳಖೇಡ, ಸೇಡಂ ಈ ಪಟ್ಟಿಯಲ್ಲಿ ಒಂದು ಹೊಸ ಬಗೆಯ ಜಲಾಶಯ ಹುಟ್ಟಿದೆ. ಅದನ್ನು ಯಾವ ಇಲಾಖೆಯೂ ಕಟ್ಟಲಿಲ್ಲ. ಕಲ್ಲು ತೆಗೆದು ಬಿಟ್ಟ ಖಣಿಗಳಲ್ಲಿ ಮಳೆನೀರೂ ಒರತೆಯ ನೀರೂ ನಿಂತು ನೀಲಿಯಾಗಿ ಕಾಣುವ ಹೊಂಡಗಳು. ಅವುಗಳನ್ನು ನಾವು ಹಾಳುಬಿದ್ದ ಜಾಗ ಎಂದು ಲೆಕ್ಕ ಹಾಕುತ್ತೇವೆ. ಈಜಲು ಹೋದ ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ಅವು ಶತ್ರು. ಆ ಸಂಕಟ ನಿಜವಾದದ್ದು. ಖಣಿಯ ಅಂಚಿಗೆ ಬೇಲಿ ಮೊದಲು ಬರಬೇಕು, ವಿಜ್ಞಾನ ಆಮೇಲೆ.

ವಿಜ್ಞಾನದ ಕಣ್ಣಿಗೆ ಈ ಹೊಂಡಗಳು ಬಹಳ ಅಪರೂಪದ ನೀರು. ಕೆರೆಗೆ ಇಳಿಜಾರಾದ ಅಂಚಿರುತ್ತದೆ. ಜೊಂಡು, ತಾವರೆ, ಕಪ್ಪೆ, ಬಕ ಎಲ್ಲಕ್ಕೂ ಅಲ್ಲಿ ನೆಲೆ. ಖಣಿಯ ಗೋಡೆ ನೆಟ್ಟಗೆ ಇಳಿಯುತ್ತದೆ, ಬೇರು ಬಿಡಲು ಜಾಗ ಕಡಿಮೆ. ಸುತ್ತ ಸುಣ್ಣಗಲ್ಲೇ ಇರುವುದರಿಂದ ನೀರು ಗಡಸು. ರಂಜಕ ಅಷ್ಟಾಗಿ ಇಲ್ಲದ ಹೊಂಡದಲ್ಲಿ ಪಾಚಿ ದಟ್ಟವಾಗದೆ ನೀರು ತಿಳಿಯಾಗಿ ನಿಲ್ಲುತ್ತದೆ. ಆಗಲೇ ಹೇಳಿದ ಕೇರಾ ಪಾಚಿಗೆ ಒಗ್ಗುವ ನೀರು ಇಂಥದ್ದೇ. ಬಸವನಹುಳುಗಳಿಗೆ ಚಿಪ್ಪು ಕಟ್ಟಲು ಸುಣ್ಣಕ್ಕೆ ಬರವಿಲ್ಲ. ಆಳವಾದ ಹೊಂಡದಲ್ಲಿ ಬೇಸಿಗೆಗೆ ಮೇಲಿನ ಬಿಸಿನೀರು ಕೆಳಗಿನ ತಣ್ಣೀರಿನ ಮೇಲೆ ಹಗುರಾಗಿ ನಿಂತು ಎರಡೂ ಬೆರೆಯುವುದಿಲ್ಲ, ಕೆಳಪದರದಲ್ಲಿ ಆಮ್ಲಜನಕ ತೀರಿಹೋಗಬಹುದು. ಚಳಿಗಾಲದಲ್ಲಿ ಮೇಲ್ಪದರ ತಣಿದು ಕೆಳಗಿಳಿದಾಗ ಎರಡೂ ಕಲೆಯುತ್ತವೆ. ಹತ್ತು ವರ್ಷದ ಖಣಿ, ಮೂವತ್ತು ವರ್ಷದ ಖಣಿ, ಅರವತ್ತು ವರ್ಷದ ಖಣಿ ಒಂದೇ ಸೀಮೆಯಲ್ಲಿ ಅಕ್ಕಪಕ್ಕ ಇರುವುದರಿಂದ, ಬರಿ ಬಂಡೆಯ ನೀರು ಜೀವ ತುಂಬಿದ ನೀರಾಗುವುದು ಹೇಗೆಂದು ಒಂದೇ ದಿನ ಸೈಕಲ್ ಹತ್ತಿ ಸುತ್ತಿ ನೋಡಬಹುದು. ಇಂಥ ಪ್ರಯೋಗವನ್ನು ಕೋಟಿ ಕೊಟ್ಟರೂ ಯಾವ ವಿಶ್ವವಿದ್ಯಾಲಯವೂ ಕಟ್ಟಲಾರದು. ಭಂಕೂರಿಗೆ ಅದು ತಾನಾಗಿ ಒದಗಿದೆ.

ಒದಗಿದ್ದನ್ನು ಕೆಡಿಸುವ ದಾರಿಗಳೂ ಇವೆ. ಖಾಲಿ ಖಣಿ ಕಂಡರೆ ಕಸ ಸುರಿಯುವುದು ಒಂದು. ಸುಣ್ಣಗಲ್ಲಿನ ನೆಲ ಬಿರುಕುಗಳ ನೆಲ. ಮಳೆನೀರು ಆ ಬಿರುಕುಗಳನ್ನು ಕರಗಿಸಿ ಅಗಲ ಮಾಡುತ್ತ ಹೋಗುತ್ತದೆ. ಮರಳು ನೆಲ ನೀರನ್ನು ಸೋಸುತ್ತದೆ, ಬಿರುಕು ಸೋಸುವುದಿಲ್ಲ. ಇಂದು ಖಣಿಗೆ ಬಿದ್ದ ಹೊಲಸು ನಾಳೆ ಕೊಳವೆಬಾವಿಯಲ್ಲಿ ಮೇಲೆ ಬರಬಹುದು. ಸಿಮೆಂಟ್ ಕಂಪನಿಗಳ ದೊಡ್ಡ ಗಣಿಗಳಿಂದ ಪಂಪು ಹಾಕಿ ನೀರು ಎತ್ತಿದಾಗ ಅಂತರ್ಜಲದ ಮಟ್ಟ ಎಷ್ಟು ಇಳಿಯಿತು, ಆ ನೀರು ಯಾವ ಹಳ್ಳಕ್ಕೆ ಹೋಯಿತು ಎಂಬ ಲೆಕ್ಕ ಊರಿನ ಕೈಯಲ್ಲೂ ಇರಬೇಕು. ಕಂಪನಿಯ ಲೆಕ್ಕ ಕಂಪನಿಯಲ್ಲಿರಲಿ, ಊರಿನ ಲೆಕ್ಕ ಊರಿನಲ್ಲಿರಲಿ, ಎರಡನ್ನೂ ತಾಳೆ ನೋಡುವ ಕೆಲಸ ವಿಶ್ವವಿದ್ಯಾಲಯದ್ದು.

ಎರಡನೆಯದು ಕಂಡಕಂಡ ಮೀನು ಬಿಡುವುದು. ತಿಲಾಪಿಯಾ 1952ರಲ್ಲಿ ನಮ್ಮ ದೇಶಕ್ಕೆ ಬಂತು. ಮರಿಗಳನ್ನು ಬಾಯೊಳಗಿಟ್ಟು ಕಾಯುವ, ಎಂಥ ನೀರಿಗೂ ಒಗ್ಗುವ ಮೀನು. ಒಮ್ಮೆ ಹೊಕ್ಕಲ್ಲಿಂದ ಅದನ್ನು ಹೊರಹಾಕುವುದು ಬಹಳ ಕಷ್ಟ. ಆಫ್ರಿಕದ ಬೆಕ್ಕುಮೀನನ್ನು ಸರಕಾರ ನಿಷೇಧಿಸಿದೆ, ಆದರೂ ಕದ್ದು ಸಾಕುವುದು ನಿಂತಿಲ್ಲ. ಸಾಕಿದ ಹೊಂಡ ನೆರೆಯಲ್ಲಿ ಒಡೆದರೆ ಅದು ಹೊಳೆಗೆ ಇಳಿಯುತ್ತದೆ, ನಮ್ಮ ಕೊರವ, 
ಬಾಳೆಮೀನುಗಳ ಮರಿಗಳನ್ನು ತಿಂದು ಬೆಳೆಯುತ್ತದೆ. ಸೈಕ್ಸ್ ಬಣ್ಣಿಸಿದ ನುಕ್ತಾ ಇವತ್ತು ಅಳಿವಿನಂಚಿನ ಪಟ್ಟಿಯಲ್ಲಿದೆ. ಹಣೆಯ ಮೇಲೆ ಕೊಂಬಿನಂಥ ಗುಬುಟಿರುವ ವಿಚಿತ್ರ ಮೀನು ಅದು. ಮೀನುಗಾರರ ಹೊಟ್ಟೆಪಾಡು ದೊಡ್ಡದು. ಬಿತ್ತನೆ ಮರಿ ಬಿಡಬೇಡಿ ಎಂದು ನಾನು ಹೇಳಲಾರೆ. ಕಟ್ಲಾ, ರೋಹುಗಳನ್ನು ಕೆರೆಯಲ್ಲಿ ಬಿಡಿ. ಹರಿಯುವ ಹೊಳೆಯಲ್ಲಿ ಅಲ್ಲಿಯ ಮೀನಿಗೆ ಜಾಗ ಇರಲಿ.

ಸಂಘಟಕರು ಕೇಳಿದ ವನ್ಯಜೀವಿಯ ಪಾಲಿಗೆ ಚಿಂಚೋಳಿಯ ಬಗ್ಗೆ ಎರಡು ಮಾತು ಸಾಕು, ಅಲ್ಲಿಯವರು ನನಗಿಂತ ಚೆನ್ನಾಗಿ ಬಲ್ಲರು. 2011ರಲ್ಲಿ ಘೋಷಣೆಯಾದ ಆ ವನ್ಯಜೀವಿಧಾಮದ ವಿಸ್ತಾರ ಸುಮಾರು 135 ಚದರ ಕಿಲೋಮೀಟರು. ತೋಳ, ಕತ್ತೆಕಿರುಬಗಳ ಕಾಡು ಅದು. ಚಂದ್ರಂಪಳ್ಳಿಯ ಜಲಾಶಯ ಆ ಕಾಡಿನ ಒಳಗೇ ಇದೆ, ಅಲ್ಲಿಯ ನೀರು ಮುಲ್ಲಾಮಾರಿಯ ಕೂಡ ಕೊನೆಗೆ ನಮ್ಮ ಹೊಳೆಗೇ ಬರುತ್ತದೆ. ಕಾಡಿನ ನೆರಳಿನಲ್ಲಿರುವ ಆ ನೀರನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಕೆಳಗೆ ಸೇಡಂ, ಮಳಖೇಡ, ಶಹಾಬಾದಗಳಲ್ಲಿ ಹೊಳೆಗೆ ಏನೇನು ಸೇರಿತು ಎಂಬುದು ಹೋಲಿಕೆಯಿಂದ ತಿಳಿಯುತ್ತದೆ. ಕಾಡಿನ ಸಂಶೋಧನೆ, ನೀರಿನ ಸಂಶೋಧನೆ ಎಂದು ಎರಡು ವಿಭಾಗ ಮಾಡಿ ಎರಡು ಕೋಣೆಗಳಲ್ಲಿ ಕೂರುವುದು ನಮ್ಮ ಅನುಕೂಲಕ್ಕಷ್ಟೆ.

ಹಾಗಾದರೆ ಏನು ಮಾಡಬೇಕು? ಈ ದತ್ತಿಯ ಹಿರಿಯರ ಮುಂದೆ, ಇಲ್ಲಿರುವ ಕಾಲೇಜು ಅಧ್ಯಾಪಕರ ಮುಂದೆ ನನ್ನ ಬೇಡಿಕೆ ಒಂದೇ. ಕಾಗಿಣಾ ಹೊಳೆಗೆ ಒಂದು ದಫ್ತರ ತೆರೆಯಿರಿ. ಐದು ಜಾಗ ಗುರುತಿಸಿ. ಚಂದ್ರಂಪಳ್ಳಿ, ಸೇಡಂ ಮೇಲ್ಭಾಗ, ಮಳಖೇಡದ ಸೇತುವೆ, ಭಂಕೂರಿನ ಒಂದು ಹಳೆಯ ಖಣಿ, ಹೊನಗುಂಟೆಯ ಸಂಗಮ. ಐದಕ್ಕಿಂತ ಹೆಚ್ಚು ಬೇಡ. ಹತ್ತಿಪ್ಪತ್ತು ಜಾಗ ಹಿಡಿದು ಮೂರನೆಯ ವರ್ಷ ಕೈಬಿಡುವುದಕ್ಕಿಂತ ಐದು ಜಾಗವನ್ನು ಮಕ್ಕಳ ಕಾಲಕ್ಕೂ ಮುಟ್ಟಿಸುವುದು ಮೇಲು. ಪ್ರತಿ ಜಾಗಕ್ಕೆ ಹತ್ತಿರದ ಒಂದು ಪ್ರೌಢಶಾಲೆಯೋ ಕಾಲೇಜೋ ಹೊಣೆ ಹೊರಲಿ. ಪ್ರತಿ ಹುಣ್ಣಿಮೆಯ ದಿನ ಅಳತೆ. ಕಾರಹುಣ್ಣಿಮೆ, ಶೀಗೆಹುಣ್ಣಿಮೆ ಯಾವಾಗ ಎಂದು ಈ ಸೀಮೆಯಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ಅಧಿಕಮಾಸ ಬಂದಾಗ ಗೊಂದಲವಾಗದಂತೆ ಪಕ್ಕದಲ್ಲಿ ಇಂಗ್ಲಿಷ್ ತಾರೀಖು ಬರೆಯಿರಿ.

ಬೇಕಾದ ಸಾಮಾನು ಕಡಿಮೆ. ಒಂದು ಥರ್ಮಾಮೀಟರು, ನೀರಿನ ತಿಳಿ ನೋಡಲು ಹಗ್ಗಕ್ಕೆ ಕಟ್ಟಿದ ಕಪ್ಪುಬಿಳಿ ತಟ್ಟೆ, ಸಣ್ಣ ಕಣ್ಣಿನ ತೇಲುಜೀವಿ ಬಲೆ, ಆಮ್ಲಜನಕ ಅಳೆಯುವ ಬಾಟಲಿ. ಆಮ್ಲಜನಕಕ್ಕೆ ವಿಂಕ್ಲರ್ ಎಂಬಾತ 1888ರಲ್ಲಿ ಕೊಟ್ಟ ವಿಧಾನವೇ ಸಾಕು, ಪಿಯುಸಿ ಪ್ರಯೋಗಾಲಯದಲ್ಲಿ ಮಾಡಬಹುದಾದದ್ದು. ಬಲೆಯಲ್ಲಿ ಸಿಕ್ಕದ್ದನ್ನು ಗುರುತಿಸುವ ಹೊಣೆ ಕಲಬುರಗಿಯ ಪ್ರಾಣಿಶಾಸ್ತ್ರ ವಿಭಾಗಕ್ಕೆ ಇರಲಿ, ಅಲ್ಲಿ ಆ ಕಣ್ಣು ಇದೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಭೂಮಿ ಮತ್ತು ನೀರಿನ ಭಾಗ ಹೊರಲಿ, ಬೀದರಿನ ವಿಶ್ವವಿದ್ಯಾಲಯ ಮೀನಿನ ಭಾಗ ಹೊರಲಿ. ನಾವಿಕರು ಹಾರ್ಡಿಯ ಪೆಟ್ಟಿಗೆ ಎಳೆದಂತೆ ಇಲ್ಲಿ ದಫ್ತರದ ಮೊದಲ ಸಹಿ ಶಾಲೆಯ ಹುಡುಗಿಯದಾಗಲಿ, ಎರಡನೆಯದು ಬಲೆ ಬೀಸುವ ಕಬ್ಬಲಿಗ ಅಣ್ಣನದಾಗಲಿ. ಯಾವ ಮೀನು ಬಂತು, ಯಾವುದು ಬರಲಿಲ್ಲ ಎಂದು ಅವನು ಹೇಳಿದ್ದನ್ನು ಅವನ ಹೆಸರಿನ ಸಮೇತ ಬರೆಯಿರಿ. ಸೈಕ್ಸ್ ಬಿಟ್ಟದ್ದನ್ನು ನಾವು ಬಿಡಬಾರದು.

ದಫ್ತರ ಯಾವ ಪ್ರಾಧ್ಯಾಪಕರ ಸ್ವಂತ ಕಪಾಟಿಗೂ ಹೋಗಕೂಡದು. ಮೂಲ ಪ್ರತಿ ಊರಿನ ಗ್ರಂಥಾಲಯದಲ್ಲಿ, ನಕಲು ವಿಶ್ವವಿದ್ಯಾಲಯದಲ್ಲಿ. ಪಿಎಚ್‌.ಡಿ. ಮಾಡುವವರು ಅದರಿಂದ ಅಂಕಿ ತೆಗೆದುಕೊಳ್ಳಲಿ, ತೆಗೆದುಕೊಂಡವರು ತಮ್ಮ ಎರಡು ವರ್ಷದ ಅಳತೆಯನ್ನು ಅದಕ್ಕೆ ಸೇರಿಸಿ ಹೋಗಲಿ. ಬಾಟಲಿ, ಬಲೆ, ರಾಸಾಯನಿಕಗಳ ಖರ್ಚಿಗೆ ಈ ದತ್ತಿಯ ಬಡ್ಡಿಯ ಒಂದು ಪಾಲನ್ನು ಕೊಡಬಹುದೇ ಎಂದು ಹಿರಿಯರು ಯೋಚಿಸಬೇಕೆಂದು ಕೈಮುಗಿದು ಕೇಳುತ್ತೇನೆ. ವರ್ಷಕ್ಕೊಮ್ಮೆ ನಡೆಯುವ ಈ ಉಪನ್ಯಾಸದ ದಿನ, ಭಾಷಣಕ್ಕೆ ಮೊದಲು, ಆ ವರ್ಷದ ಎಲ್ಲ ಹುಣ್ಣಿಮೆಗಳ ಲೆಕ್ಕವನ್ನು ಒಬ್ಬ ವಿದ್ಯಾರ್ಥಿ ಓದಲಿ.

ಕಾರ್ಯಕ್ರಮ ಮುಗಿದ ಮೇಲೆ ವಿಜ್ಞಾನ ಶಿಕ್ಷಕರು ದಯವಿಟ್ಟು ಉಳಿದುಕೊಳ್ಳಿ. ಮೊದಲ ಪುಟದ ಕಲಮುಗಳನ್ನು ಇಂದೇ ಗೆರೆ ಹಾಕಿ ಮುಗಿಸೋಣ. ಆಮ್ಲಜನಕಕ್ಕೆ ಎರಡು ಕಲಮು ಬೇಕು, ಒಂದು ಮಧ್ಯಾಹ್ನದ್ದು, ಇನ್ನೊಂದು ಸೂರ್ಯ ಹುಟ್ಟುವ ಮೊದಲಿನದು.